ಕೋದಂಡರಾಮಪ್ಪನ ಸೊಸೆ ಜೀಪು ಕಲಿತದ್ದು

ಹುತ್ತೂರಿನ ಕೋದಂಡರಾಮಪ್ಪನ ಕಣ್ಣು ಮಂಜಾಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ಅವನ ಹೆಂಡತಿಗಲ್ಲ, ಮಗನಿಗೂ ಅಲ್ಲ, ಸೊಸೆ ಗಂಗರತ್ನಮ್ಮನಿಗೆ. ಅವಳು ಅದನ್ನು ಯಾರ ಹತ್ತಿರವೂ ಹೇಳಲಿಲ್ಲ.

ಹೇಳುವುದು ಸುಲಭವಾಗಿರಲಿಲ್ಲ. ಕೋದಂಡರಾಮಪ್ಪ ಹರೆಯದಲ್ಲೇ ಆಂಧ್ರದ ಗಡಿಯ ನಂಗಲಿಗೆ ಹೋಗಿ ಲಾರಿಯ ಕ್ಲೀನರಾಗಿ ಸೇರಿದವನು. ಆಮೇಲೆ ಡ್ರೈವರಾಗಿ ಚಿತ್ತೂರು, ಮದ್ರಾಸು ಅಂತ ಅರ್ಧ ಆಯುಷ್ಯವನ್ನು ರಸ್ತೆಯ ಮೇಲೇ ಕಳೆದಿದ್ದ. ಬೆನ್ನುನೋವು ಬಂದು ಲಾರಿ ಬಿಟ್ಟ ಮೇಲೂ ಸುಮ್ಮನೆ ಮನೆಯಲ್ಲಿ ಕೂರಲಾಗದೆ, ಮಿಲಿಟರಿಯವರು ಹರಾಜಿಗೆ ಬಿಟ್ಟಿದ್ದ ಹಳೇ ಜೀಪೊಂದನ್ನು ತಂದು, ಅದರ ಹಿಂದಕ್ಕೆ ಸಣ್ಣದೊಂದು ಟ್ರೈಲರು ಕಟ್ಟಿಸಿದ. ಹುತ್ತೂರಿನ ಅವರ ಬೀದಿಯ ಟೊಮೆಟೊ, ಹುರುಳಿಕಾಯಿ, ರೇಷ್ಮೆಗೂಡು ಎಲ್ಲ ಆ ಜೀಪಿನಲ್ಲೇ ಕೋಲಾರಕ್ಕೆ ಹೋಗುತ್ತಿದ್ದವು. ಜೀಪು ಇಲ್ಲದ ಕೋದಂಡರಾಮಪ್ಪನನ್ನು ಊರಿನವರು ಯಾರೂ ಊಹಿಸಿಕೊಂಡಿರಲಿಲ್ಲ. ಅವನಂತೂ ಊಹಿಸಿಕೊಂಡಿರಲೇ ಇಲ್ಲ.

ಅವನ ಒಬ್ಬನೇ ಮಗ ಸೊಣ್ಣಪ್ಪ. ಒಳ್ಳೆಯ ಬೇಸಾಯಗಾರ, ರೇಷ್ಮೆಹುಳು ಸಾಕುವುದರಲ್ಲಿ ಅವನಷ್ಟು ನಾಜೂಕಿನ ಕೈ ಸುತ್ತಮುತ್ತ ಇರಲಿಲ್ಲ. ಆದರೆ ಜೀಪು ಕಂಡರೆ ದೂರ. ಹಿಂದೊಮ್ಮೆ ಅಪ್ಪ ಬಲವಂತ ಮಾಡಿ ಕೂರಿಸಿದಾಗ ಬ್ರೇಕು ತುಳಿಯುವ ಬದಲು ಇನ್ನೊಂದನ್ನು ತುಳಿದು, ಕಣದ ಹುಲ್ಲಿನ ಬಣವೆಯೊಳಕ್ಕೆ ಜೀಪು ನುಗ್ಗಿಸಿದ್ದ. ಯಾರಿಗೂ ಏನೂ ಆಗಲಿಲ್ಲ. ಹುಲ್ಲಿನೊಳಗಿಂದ ಈಚೆ ಬಂದು, "ಅಪ್ಪ, ನನ್ನ ಬಿಟ್ಬಿಡು. ನಾನು ಹುಳ ನೋಡ್ಕೋತೀನಿ" ಅಂದವನು ಮತ್ತೆ ಆ ಸೀಟು ಹತ್ತಲಿಲ್ಲ.

ಹಾಗಾಗಿ ಗೂಡು ಮಾರುವ ದಿನ ಮಾವನ ಜೊತೆ ಕೋಲಾರದ ಮಾರ್ಕೆಟ್ಟಿಗೆ ಹೋಗುತ್ತಿದ್ದವಳು ಗಂಗರತ್ನಮ್ಮ. ಶ್ರೀನಿವಾಸಪುರದ ಕಡೆಯ ಹೆಣ್ಣು, ಮಾವಿನ ತೋಪು ಕಾಯುತ್ತಾ ಬೆಳೆದವಳು, ತೂಕ ವ್ಯಾಪಾರದಲ್ಲಿ ಚುರುಕು. ಜೀಪಿನಲ್ಲಿ ಮಾವನ ಪಕ್ಕ ಸೆರಗು ಹೊದ್ದು ಕೂತು, ರಸ್ತೆ ನೋಡುತ್ತಾ ಹೋಗುವುದು ಅವಳಿಗೆ ಇಷ್ಟವಾದ ಕೆಲಸವಾಗಿತ್ತು. ಎಪ್ಪತ್ತೇಳನೇ ಇಸವಿಯ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಹೀಗೆ ಹೋಗುವಾಗ ಬಲಗಡೆಯ ಓಣಿಯಿಂದ ಸೊಪ್ಪು ತುಂಬಿದ ಎತ್ತಿನ ಗಾಡಿಯೊಂದು ರಸ್ತೆಗೆ ಬಂತು. ಮಾವ ವೇಗ ಇಳಿಸಲಿಲ್ಲ. ಗಾಡಿಯವನು ಎತ್ತನ್ನು ಜಗ್ಗಿ ಹಿಡಿದ. ಆಗಲೂ ಮಾವ ಅತ್ತ ತಿರುಗಲಿಲ್ಲ. ಮಾವನಿಗೆ ಗಾಡಿ ಕಂಡೇ ಇಲ್ಲವೆಂದು ಗಂಗರತ್ನಮ್ಮನಿಗೆ ಹೊಳೆಯಿತು.

"ಮಾವ, ಬಲಗಡೆ ಗಾಡಿ ಎತ್ತು ಯಾರ್ದು? ವೆಂಕಟರಾಯಪ್ಪನವರ್ದಾ?" ಎಂದು ಕೇಳಿದಳು.

ಮಾವ ಬೆಚ್ಚಿ ಬ್ರೇಕು ಒತ್ತಿದ. ಗಾಡಿ ದಾಟಿಹೋಯಿತು. "ಇರ್ಬೋದು" ಅಂದ.

ಅಲ್ಲಿಂದ ಅದೇ ರೂಢಿಯಾಯಿತು. 'ನೋಡಿ', 'ನಿಲ್ಲಿಸಿ' ಎಂದರೆ ಮಾವನಿಗೆ ಅವಮಾನವಾದೀತೆಂದು ಅವಳು ಎಲ್ಲವನ್ನೂ ಪ್ರಶ್ನೆ ಮಾಡಿ ಕೇಳುತ್ತಿದ್ದಳು. ಎದುರಿಗೆ ಬರೋ ಬಸ್ಸು ಮುಳಬಾಗಿಲಿಂದ ಬರ್ತಾ ಇರೋದಾ? ಆ ಸೈಕಲ್ಲಿನವನು ನಿಮಗೆ ಗೊತ್ತಾ? ಎಡಗಡೆ ಮೇಯ್ತಾ ಇರೋ ಎಮ್ಮೆ ಎಷ್ಟು ಹಾಲು ಕರೆಯುತ್ತೋ? ಮಾವ ಉತ್ತರ ಹೇಳುತ್ತಿದ್ದ, ಅಥವಾ 'ಹೂಂ' ಅನ್ನುತ್ತಿದ್ದ. ಒಂದು ವರ್ಷ ಹೀಗೇ ನಡೆಯಿತು. ಎದುರಿನದು ಅವನಿಗೆ ಕಾಣುತ್ತಿತ್ತು. ಎಡಕ್ಕೆ ಬಲಕ್ಕೆ ಇರುವುದು ದಿನೇ ದಿನೇ ಕರಗಿಹೋಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಗೂಡು ಮಾರಿ ಕೋಲಾರದಿಂದ ಬರುವಾಗ, ಪಕ್ಕದ ಹೊಲದಿಂದ ಕುರಿಮಂದೆಯೊಂದು ಒಮ್ಮೆಗೇ ರಸ್ತೆಗಿಳಿಯಿತು. ಪ್ರಶ್ನೆ ಹೊಂದಿಸಿಕೊಳ್ಳಲು ಹೊತ್ತಿರಲಿಲ್ಲ. ಗಂಗರತ್ನಮ್ಮ ಕೈಚಾಚಿ ಸ್ಟೇರಿಂಗನ್ನು ಎಳೆದಳು. ಜೀಪು ರಸ್ತೆ ಬಿಟ್ಟು ಜಾಲಿಯ ಪೊದೆಗೆ ಮೂತಿ ತೂರಿಸಿ ನಿಂತಿತು. ಕುರಿಯವನು ತೆಲುಗಿನಲ್ಲಿ ಒಂದಷ್ಟು ಬೈದು, ಒಂದು ಕುರಿಗೂ ಪೆಟ್ಟಾಗಿಲ್ಲವೆಂದು ನೋಡಿಕೊಂಡು ಹೋದ.

ಕೋದಂಡರಾಮಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತೇ ಇದ್ದ. ಆಮೇಲೆ ಕೇಳಿದ: "ಯಾವಾಗಿಂದ ಗೊತ್ತು?"

"ಏನು ಮಾವ?"

"ಏನೂ ಗೊತ್ತಿಲ್ದೋಳ ಥರ ಕೇಳ್ಬೇಡಮ್ಮ. ಆ ಎತ್ತು ಯಾರ್ದು, ಈ ಬಸ್ಸು ಎಲ್ಲಿಂದು ಅಂತ ಕೇಳ್ತಾನೇ ಇದೀಯಲ್ಲ. ನಿನಗೆ ಎತ್ತುಗಳ ಮೇಲೆ ಅಷ್ಟೊಂದು ಆಸೆ ಅಂತ ನಂಬೋಷ್ಟು ದಡ್ಡನಲ್ಲ ನಾನು."

ಅವಳು ತಲೆ ತಗ್ಗಿಸಿದಳು. "ಹೋದ ವರ್ಷದ ಯುಗಾದಿಯಿಂದ" ಅಂದಳು.

"ಮನೇಲಿ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಮಾವ."

ಅವನು ಜೀಪನ್ನು ಹಿಂದಕ್ಕೆ ತೆಗೆದು, ಎತ್ತಿನ ಗಾಡಿಗಿಂತ ನಿಧಾನವಾಗಿ ಊರಿಗೆ ತಂದ. ಆ ದಿನ ಅವಳು ಮೊದಲ ಸಲ ಪ್ರಶ್ನೆ ಕೇಳದೆ, ಎಡಕ್ಕೆ ಮಾವ, ಬಲಕ್ಕೆ ಮಾವ, ನಿಲ್ಲಿಸಿ ಮಾವ ಎಂದು ನೇರವಾಗಿ ಹೇಳುತ್ತಾ ಬಂದಳು. ಮನೆ ಮುಂದೆ ಇಳಿದ ಮೇಲೆ ಅವನು ಬೀಗದ ಕೈ ತೆಗೆದು ಅವಳ ಕೈಗಿಟ್ಟ.

"ನಾಳೆ ಬೆಳಿಗ್ಗೆ ಕೆರೆಯಂಗಳಕ್ಕೆ ಹೋಗೋಣ. ಕಲ್ತ್ಕೋ."

"ನಾನಾ? ನಿಮ್ಮ ಮಗ ಇದಾರಲ್ಲ ಮಾವ."

"ಅವನು ಸೀಟಲ್ಲಿ ಕೂತ್ರೆ ರಸ್ತೆ ನೋಡಲ್ಲ, ತನ್ನ ಎದೆ ಹೊಡ್ಕೊಳ್ಳೋದು ನೋಡ್ತಾನೆ. ನೀನು ನನ್ನ ಬದಲು ಒಂದು ವರ್ಷ ರಸ್ತೆ ನೋಡಿದೀಯ. ಕಣ್ಣಿನ ಕೆಲಸ ನಿನಗೆ ಬಂದಾಯ್ತು. ಇನ್ನು ಕೈಕಾಲಿಂದು ಬಾಕಿ, ಅದನ್ನ ನಾನು ಹೇಳಿಕೊಡ್ತೀನಿ."

ಗಂಗರತ್ನಮ್ಮನಿಗೆ ಆಗ ಮೂವತ್ತನಾಲ್ಕು ವರ್ಷ. ಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು. ಸೈಕಲ್ಲನ್ನು ಕೂಡ ಅವಳು ತುಳಿದವಳಲ್ಲ.

ಸಂಜೆ ಹಜಾರದಲ್ಲಿ ಎಲ್ಲರೂ ಇದ್ದಾಗ ಕೋದಂಡರಾಮಪ್ಪ ತನ್ನ ಕಣ್ಣಿನ ವಿಷಯ, ಸೊಸೆಗೆ ಜೀಪು ಕಲಿಸುವ ವಿಷಯ ಎರಡನ್ನೂ ತಾನೇ ಹೇಳಿದ. ಅವನ ಹೆಂಡತಿ ಮುನಿಯಲ್ಲಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ನನಗೆ ಹೇಳ್ದೆ ಸೊಸೆಗೆ ಹೇಳಿದ್ರಾ?" ಎಂದಳು.

"ಅವಳಿಗೂ ಹೇಳ್ಲಿಲ್ಲ. ಅವಳೇ ಕಂಡ್ಕೊಂಡ್ಲು."

ಮುನಿಯಲ್ಲಮ್ಮನಿಗೆ, ಹೆಂಗಸು ಜೀಪು ಓಡಿಸಿದರೆ ಊರವರು ಆಡಿಕೊಳ್ಳುವುದಿಲ್ಲವೇ ಎಂದು ಕೇಳಲು ಬಾಯಿಗೆ ಬಂದಿತ್ತಂತೆ. ಗಂಡನ ಮುಖ ನೋಡಿ ನುಂಗಿಕೊಂಡಳು. ಸೊಣ್ಣಪ್ಪ ಮಾತ್ರ ಹೊರೆ ಇಳಿದವನ ಹಾಗೆ ಹೆಂಡತಿಯ ಕಡೆ ತಿರುಗಿ, "ನೀನು ಹೋಗು ಕಣೇ. ಬೆಳಿಗ್ಗೆ ಹುಳಕ್ಕೆ ಸೊಪ್ಪು ನಾನು ಹಾಕ್ತೀನಿ, ಮಕ್ಕಳಿಗೆ ಮುದ್ದೇನೂ ತಿರುವ್ತೀನಿ" ಎಂದ. ಆ ವಾರವೇ ಅಪ್ಪನನ್ನು ಕೋಲಾರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಣ್ಣಿನ ನರ ಸೋತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಔಷಧಿಯ ಹನಿ ಹಾಕಿಕೊಳ್ಳಬೇಕು ಎಂದರು ಡಾಕ್ಟರು.

ಬೇಸಿಗೆಯ ಕೆರೆ ಒಣಗಿ, ನೆಲ ಬಿರುಕುಬಿಟ್ಟು, ಗೋಡೆಯಿಲ್ಲದ ದೊಡ್ಡ ಅಂಗಳದಂತಿತ್ತು. ಗಂಗರತ್ನಮ್ಮ ಗದ್ದೆ ನಾಟಿಗೆ ಹೋಗುವವಳಂತೆ ಸೀರೆ ಎತ್ತಿ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿಗೆ ಹತ್ತಿದಳು. ಕಾಲು ಪೆಡಲಿಗೆ ಎಟುಕಲಿಲ್ಲ. ಮಾವ ಒಂದು ಗೋಣಿಚೀಲಕ್ಕೆ ಹುಲ್ಲು ತುರುಕಿ ಅವಳ ಬೆನ್ನಿಗೆ ಕೊಟ್ಟ.

ಕ್ಲಚ್ಚು ಬಿಡುವುದೇ ಮೊದಲ ಗಂಡಾಂತರ. ಬಿಟ್ಟೊಡನೆ ಜೀಪು ಕಪ್ಪೆಯಂತೆ ಕುಪ್ಪಳಿಸಿ ನಿಂತುಹೋಗುತ್ತಿತ್ತು. ಒಂದು ಸಲ ಮಾವನ ಹಣೆ ಮುಂದಿನ ಕಂಬಿಗೆ ಬಡಿದು ಊದಿಕೊಂಡಿತು. ಅವಳು ಹೆದರಿ ಇಳಿಯಲು ಹೋದಳು.

"ಕೂತ್ಕೋ, ಕೂತ್ಕೋ" ಎಂದ ಮಾವ, ಹಣೆ ಒತ್ತಿಕೊಳ್ಳುತ್ತಾ. "ನನಗೆ ಕಲಿಸಿದ ಮೇಸ್ತ್ರಿ ತಪ್ಪು ಮಾಡಿದ್ರೆ ಸ್ಪ್ಯಾನರಲ್ಲಿ ಮೊಣಕಾಲಿಗೆ ಹೊಡೀತಿದ್ದ. ನಾನೇನಾದ್ರೂ ಯಾರಿಗಾದ್ರೂ ಕಲಿಸಿದ್ರೆ ಕೈ ಎತ್ತಲ್ಲ ಅಂತ ಆವತ್ತೇ ಅಂದ್ಕೊಂಡಿದ್ದೆ. ಕಲಿಸೋಕೆ ಯಾರೂ ಸಿಕ್ಕಿರ್ಲಿಲ್ಲ, ಅಷ್ಟೇ. ಮೆಲ್ಲಗೆ ಬಿಡಮ್ಮಾಯಿ. ಹಾಲು ಉಕ್ಕೋವಾಗ ಒಲೆಯಿಂದ ಸೌದೆ ಎಳೀತೀಯಲ್ಲ, ಹಾಗೆ."

ಹಾಲಿನ ಮಾತು ಅವಳಿಗೆ ಅರ್ಥವಾಯಿತು. ಆ ಬೆಳಿಗ್ಗೆಯೇ ಜೀಪು ಕುಪ್ಪಳಿಸದೆ ಹೊರಟಿತು.

ಗೇರು ಬದಲಿಸುವುದನ್ನು ಅವನು ಸದ್ದಿನಿಂದ ಕಲಿಸಿದ. ಹಳೇ ಜೀಪು, ಎರಡು ಸಲ ಕ್ಲಚ್ಚು ತುಳಿಯದಿದ್ದರೆ ಗೇರು ಕಟಕಟ ಹಲ್ಲು ಕಡಿಯುತ್ತಿತ್ತು. ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು, ಇಂಜಿನ್ನಿನ ಸ್ವರ ಭಾರವಾದರೆ "ಕೇಳಿಸ್ತಾ? ಉಸಿರು ಕಟ್ತಾ ಇದೆ ಅದಕ್ಕೆ, ಇಳಿಸು" ಎನ್ನುತ್ತಿದ್ದ. ಕೆರೆಯಂಗಳದಲ್ಲಿ ದನ ಮೇಯಿಸುವವರು, ಹುಲ್ಲು ಕೊಯ್ಯುವವರು ನೋಡುತ್ತಾ ನಿಲ್ಲುತ್ತಿದ್ದರು. ಪಕ್ಕದ ಮನೆಯ ಭಾರತಮ್ಮ ಹುಲ್ಲಿನ ಹೊರೆ ತಲೆಯ ಮೇಲಿಟ್ಟುಕೊಂಡೇ, "ಗಂಗಕ್ಕ, ನಮ್ಮ ಹಸುಗಳ್ನ ಅತ್ಲಾಗೆ ಹೊಡ್ಕೊಳ್ಳೋವರೆಗೂ ತಡಿಯೇ" ಎಂದು ಕೂಗುತ್ತಿದ್ದಳು. ಗಂಗರತ್ನಮ್ಮ ಮೊದಮೊದಲು ನಾಚಿ ಸಾಯುತ್ತಿದ್ದಳು. ಆಮೇಲೆ ಅವಳೂ ಕೂಗಿ ಉತ್ತರ ಕೊಡತೊಡಗಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಟ್ರೈಲರು ಕಟ್ಟಿಕೊಂಡು ರಿವರ್ಸು ತೆಗೆಯುವುದು. ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಟ್ರೈಲರು ಬಲಕ್ಕೆ ಹೋಗುತ್ತಿತ್ತು. ಬುದ್ಧಿ ಒಂದು ಹೇಳಿದರೆ ಕೈ ಇನ್ನೊಂದು ಮಾಡುತ್ತಿತ್ತು. ಮಾವ ಎಷ್ಟು ಸಮಾಧಾನದಿಂದ ಹೇಳಿದರೂ ಜೀಪು ಟ್ರೈಲರು ಮಡಚಿಕೊಂಡು ಮುನಿಸಿಕೊಂಡವರಂತೆ ನಿಲ್ಲುತ್ತಿದ್ದವು. ಒಂದು ದಿನ ಅವಳು ಸ್ಟೇರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟಳು. "ನನ್ನ ಕೈಲಿ ಆಗಲ್ಲ ಮಾವ. ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ."

ಅದೇ ಹೊತ್ತಿಗೆ ಮುನಿಯಲ್ಲಮ್ಮ ಚೊಂಬಿನಲ್ಲಿ ಮಜ್ಜಿಗೆ ಹಿಡಿದು ಕೆರೆ ಏರಿ ಇಳಿದು ಬಂದಳು. ಸೊಸೆಯ ಕಣ್ಣು ನೋಡಿದಳು, ಗಂಡನ ಪೆಚ್ಚುಮೋರೆ ನೋಡಿದಳು. ಚೊಂಬನ್ನು ಗಂಡನ ಕೈಗೆ ಕೊಟ್ಟು, ಸೀರೆ ಎತ್ತಿಹಿಡಿದು ಟ್ರೈಲರು ಹತ್ತಿ ಒಳಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.

"ಅತ್ತೆ, ಏನ್ ಮಾಡ್ತಾ ಇದೀರ? ಇಳೀರಿ, ಎಲ್ಲಾದ್ರೂ ಉರುಳಿಸ್ತೀನಿ" ಎಂದಳು ಗಂಗರತ್ನಮ್ಮ.

"ಉರುಳಿಸಲ್ಲ. ನಾನು ಕೂತಿರೋದು ನಿನಗೆ ಕಾಣುತ್ತಲ್ಲ. ಟ್ರೈಲರ್ ನೋಡ್ಬೇಡ, ನನ್ನ ನೋಡು. ನನ್ನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ಯೋಚ್ನೆ ಮಾಡು. ಆ ಬೇವಿನ ಮರದ ನೆರಳಿಗೆ ಬಿಡು ನನ್ನ."

ಗಂಗರತ್ನಮ್ಮ ಕಣ್ಣೊರೆಸಿಕೊಂಡು, ಕತ್ತು ಹಿಂದಕ್ಕೆ ತಿರುಗಿಸಿ, ಅತ್ತೆಯ ಬಿಳೀ ತಲೆಯನ್ನೇ ನೋಡುತ್ತಾ ಇಷ್ಟಿಷ್ಟೇ ಹಿಂದಕ್ಕೆ ಸರಿದಳು. ಟ್ರೈಲರು ಅಲುಗಾಡುತ್ತಾ, ಒಮ್ಮೆ ವಾಲಿ, ಮತ್ತೆ ನೇರವಾಗಿ, ಬೇವಿನ ಮರದ ಕೆಳಗೆ ಹೋಗಿ ನಿಂತಿತು. ಮುನಿಯಲ್ಲಮ್ಮ ಇಳಿದು ಸೀರೆ ಕೊಡವಿಕೊಂಡಳು. "ಮಜ್ಜಿಗೆ ಕುಡೀರಿ, ಬಿಸಿಲು" ಅಂದು ಮನೆಗೆ ಹೊರಟುಹೋದಳು. ಅತ್ತೆ ತಮ್ಮ ಪ್ರಾಣವನ್ನೇ ಟ್ರೈಲರಿನಲ್ಲಿಟ್ಟು ಕೂತಿದ್ದರು ಎಂದು ಗಂಗರತ್ನಮ್ಮ ಅನೇಕ ವರ್ಷಗಳ ಮೇಲೂ ನೆನೆಸಿಕೊಳ್ಳುತ್ತಿದ್ದಳು.

ಮಳೆಗಾಲ ಹಿಡಿಯುವ ಮುಂಚೆ ಮಾವ, ಸೊಸೆ, ಸೊಣ್ಣಪ್ಪ ಮೂವರೂ ಕೋಲಾರಕ್ಕೆ ಲೈಸೆನ್ಸಿಗೆ ಹೋದರು. ಇನ್ಸ್‌ಪೆಕ್ಟರು ನಡುವಯಸ್ಸಿನ ಮನುಷ್ಯ. ಸೀರೆಯುಟ್ಟ ಹಳ್ಳಿಯ ಹೆಂಗಸು ಜೀಪಿನಿಂದ ಇಳಿದದ್ದು ಕಂಡು, "ಓಡಿಸೋರು ಯಾರಮ್ಮ?" ಎಂದು ಕೇಳಿದರು. "ನಾನೇ ಸ್ವಾಮಿ" ಎಂದಳು. ಅವರು ನಗಲಿಲ್ಲ, ಪಕ್ಕದಲ್ಲಿ ಹತ್ತಿ ಕೂತರು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರು, ಸಂತೆಯ ಜನದ ನಡುವೆ ಓಡಿಸಿದರು, ಗಡಿಯಾರದ ಗೋಪುರದ ಹತ್ತಿರ ತಿರುಗಿಸಿಕೊಂಡು ಬರಲು ಹೇಳಿದರು. ದಾರಿಯಲ್ಲಿ ಓಣಿಯೊಂದರ ಬಾಯಲ್ಲಿ ಅವಳು ತಾನಾಗಿ ನಿಧಾನ ಮಾಡಿದಳು. ಅಲ್ಲಿಂದ ಯಾರೂ ಬರಲಿಲ್ಲ.

"ಯಾಕೆ ನಿಧಾನ ಮಾಡಿದ್ರಿ?"

"ಗಾಡಿ ಬರ್ಬೋದು ಅಂತ ಸ್ವಾಮಿ."

"ಯಾರು ಕಲಿಸಿದ್ದು ನಿಮಗೆ?"

"ನಮ್ಮ ಮಾವ." ಅವಳು ಹುಣಸೆಮರದ ಕೆಳಗೆ ಕೂತಿದ್ದ ಕೋದಂಡರಾಮಪ್ಪನನ್ನು ತೋರಿಸಿದಳು. ಅವನು ಜೀಪು ಬಂದ ಸದ್ದಿಗೇ ಎದ್ದು ನಿಂತಿದ್ದ. ಇನ್ಸ್‌ಪೆಕ್ಟರು ಅವನ ಹತ್ತಿರ ಹೋಗಿ, "ಚೆನ್ನಾಗಿ ಕಲ್ಸಿದೀರ ಯಜಮಾನ್ರೇ" ಎಂದರು. ಕೋದಂಡರಾಮಪ್ಪ ಕೈಮುಗಿದ. ಪಕ್ಕದಿಂದ ಬಂದು ನಿಂತವರು ಅವನಿಗೆ ಸರಿಯಾಗಿ ಕಾಣದೆ ಸ್ವಲ್ಪ ಪಕ್ಕಕ್ಕೆ ಮುಗಿದಿದ್ದ. ವಾಪಸು ಬರುವಾಗ ಸೊಣ್ಣಪ್ಪ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು, ಬಾಯಲ್ಲಿ ದೇವರ ಹೆಸರು ಹೇಳುತ್ತಾ ಬಂದ. ಊರು ತಲುಪಿ ಇಳಿದ ಮೇಲೆ, "ಅಪ್ಪನಿಗಿಂತ ನೀನೇ ವಾಸಿ ಕಣೇ" ಎಂದು ಮೆಲ್ಲಗೆ ಹೇಳಿದ.

ಊರಿನವರು ಮಾತ್ರ ತಮ್ಮ ಗೂಡನ್ನು ಒಮ್ಮೆಗೇ ಅವಳ ಕೈಗೆ ಕೊಡಲಿಲ್ಲ. ಮೊದಲು ಕೊಟ್ಟವಳು ಭಾರತಮ್ಮ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೋದಂಡರಾಮಪ್ಪ ದಿನವೂ ಪಕ್ಕದಲ್ಲಿ ಕೂತೇ ಇರುತ್ತಿದ್ದ. ಜನಕ್ಕೆ ಅದೊಂದು ಧೈರ್ಯ. ಅವನು ಹೋಗು ಎಂದರೆ ಅವಳು ಹೋಗುತ್ತಿದ್ದಳು, ನಿಲ್ಲು ಎಂದರೆ ನಿಲ್ಲುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯ ಕಾರ್ತಿಕದಲ್ಲಿ ಮಳೆ ಬಿಡದೆ ಹಿಡಿಯಿತು. ಗೂಡು ಬಿಡಿಸಿಯಾಗಿತ್ತು. ಬಿಡಿಸಿದ ಗೂಡನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತುಮಾಡಿ ಬಂದರೆ ನೂಲು ತೆಗೆಯುವವರು ಮುಟ್ಟುವುದಿಲ್ಲ. ಮಳೆ ಸ್ವಲ್ಪ ತೆರಪು ಕೊಟ್ಟ ಬೆಳಿಗ್ಗೆ ತಮ್ಮ ಗೂಡು, ಭಾರತಮ್ಮನ ಗೂಡು, ವೆಂಕಟರಾಯಪ್ಪನ ಗೂಡು ಎಲ್ಲವನ್ನೂ ಟ್ರೈಲರಿಗೆ ತುಂಬಿ ಟಾರ್ಪಾಲು ಹೊದಿಸಿ ಹೊರಟರು. ವೆಂಕಟರಾಯಪ್ಪ ಹಿಂದೆ ಕೂತಿದ್ದ. ಊರಲ್ಲಿ ಮಾತಿಗೆ ಬೆಲೆಯಿದ್ದ ಹಿರಿಯ.

ಊರಾಚೆ ಇನ್ನೊಂದು ಕೆರೆ ತುಂಬಿ, ಕೋಡಿಯ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಗಂಗರತ್ನಮ್ಮ ನೀರಿನ ಅಂಚಿಗೆ ಜೀಪು ನಿಲ್ಲಿಸಿದಳು.

ಕೋದಂಡರಾಮಪ್ಪ ಕಿವಿಗೊಟ್ಟು ಕೇಳಿದ. "ಮೊಣಕಾಲಷ್ಟೂ ಇಲ್ಲ ನೀರು. ಒಂದನೇ ಗೇರಲ್ಲಿ ಹೋಗು, ನಡುವೆ ನಿಲ್ಲಿಸ್ಬೇಡ."

ಹಿಂದಿನಿಂದ ವೆಂಕಟರಾಯಪ್ಪ, "ಹೋಗಮ್ಮ, ಇದಕ್ಕಿಂತ ಜಾಸ್ತಿ ನೀರಲ್ಲಿ ನಿಮ್ಮ ಮಾವ ದಾಟಿಸಿದಾನೆ" ಎಂದ.

ಅವಳು ನೋಡಿದಳು. ರಸ್ತೆಯ ಪಕ್ಕಕ್ಕೆ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನೀರಿನಿಂದ ತಲೆಯೆತ್ತಿದ್ದವು. ನಡುವಿನ ಒಂದು ಕಲ್ಲು ವಾಲಿತ್ತು. ಬೇರೆಲ್ಲ ಕಡೆ ನೇರ ಹರಿಯುತ್ತಿದ್ದ ನೀರು ಅದರ ಹತ್ತಿರ ಮಾತ್ರ ಸುತ್ತು ಹಾಕಿ ಒಳಕ್ಕೆ ಎಳೆಯುತ್ತಿತ್ತು. ಅವಳು ಹ್ಯಾಂಡ್ ಬ್ರೇಕು ಹಾಕಿದಳು.

"ನಾನು ಹೋಗಲ್ಲ ಮಾವ."

"ಯಾಕೆ?"

"ಮಧ್ಯದಲ್ಲಿ ಕಲ್ಲು ವಾಲಿದೆ. ನೀರು ಸುತ್ತುತಾ ಇದೆ ಅಲ್ಲಿ. ಕೆಳಗೆ ರಸ್ತೆ ಇದೆಯೋ ಇಲ್ವೋ."

"ಇಷ್ಟು ವರ್ಷದಿಂದ ದಾಟಿಸಿದೀನಿ ಈ ಕೋಡೀನ. ಸದ್ದು ಕೇಳಿದ್ರೆ ನನಗೆ ಗೊತ್ತಾಗುತ್ತೆ. ಊರೋರ ಗೂಡು ಇದೆ ಹಿಂದೆ, ಅನುಮಾನ ಮಾಡ್ಕೊಂಡು ಕೂತ್ರೆ ಆಗಲ್ಲ. ಹೋಗು ಅಂತ ಹೇಳ್ತಾ ಇದೀನಿ."

"ನಿಮಗೆ ಕಾಣ್ಸಲ್ಲ ಮಾವ."

ಹಿಂದೆ ಒಂದು ವರ್ಷ ಪ್ರಶ್ನೆಗಳಲ್ಲಿ ಮುಚ್ಚಿಟ್ಟು ಕಾಪಾಡಿದ್ದ ಮಾತು ಅದು. ಊರಿನ ಹಿರಿಯನೊಬ್ಬನ ಎದುರಿಗೇ ಬಾಯಿಂದ ಬಿದ್ದಿತ್ತು. ಕೋದಂಡರಾಮಪ್ಪ ಮುಖ ಆಚೆಗೆ ತಿರುಗಿಸಿಕೊಂಡ. ಆದರೂ ಗಂಗರತ್ನಮ್ಮ ಹ್ಯಾಂಡ್ ಬ್ರೇಕು ಇಳಿಸಲಿಲ್ಲ.

ವೆಂಕಟರಾಯಪ್ಪ ಗೊಣಗುತ್ತಾ ಇಳಿದು, ಕೆರೆಯ ನೀರು ಬಿಡುವ ನೀರುಗಂಟಿ ಪೆದ್ದಪ್ಪನನ್ನು ಕೂಗಿ ಕರೆದ. ಪೆದ್ದಪ್ಪ ಉದ್ದನೆಯ ಬಿದಿರು ಗಳ ಹಿಡಿದು, ಮುಂದೆ ನೆಲ ತಟ್ಟಿ ನೋಡುತ್ತಾ ಕಲ್ಲಿನ ಸಾಲು ಹಿಡಿದು ನಡೆದ. ನೀರು ಅವನ ಮೊಣಕಾಲಿಗೂ ಬರಲಿಲ್ಲ. ಕೋದಂಡರಾಮಪ್ಪ ಹೇಳಿದ್ದು ಅಲ್ಲಿಯವರೆಗೆ ನಿಜ. ವಾಲಿದ ಕಲ್ಲಿನ ಹತ್ತಿರ ಮುಂದಕ್ಕೆ ಚುಚ್ಚಿದ ಗಳ ತಳ ಸಿಗದೆ ಅವನ ಕೈಯವರೆಗೂ ಇಳಿಯಿತು. ಅವನು ಅಲ್ಲೇ ನಿಂತು ತಿರುಗಿ, "ಇಲ್ಲಿ ರಸ್ತೇನೇ ಇಲ್ಲ. ಮಣ್ಣೆಲ್ಲ ಕೊಚ್ಕೊಂಡು ಹೋಗಿದೆ" ಎಂದು ಕೂಗಿದ.

ವೆಂಕಟರಾಯಪ್ಪ ನೀರಿನಂಚಿನಿಂದ ಬಂದು ಜೀಪು ಹತ್ತಿ ಕೂತ. ಅಲ್ಲಿ ತಿರುಗಿಸಲು ಜಾಗವಿರಲಿಲ್ಲ. ಎರಡೂ ಕಡೆ ಹಳ್ಳ, ನಡುವೆ ಏರಿಯ ಮೇಲಿನ ಕಿರುದಾರಿ. ಗಂಗರತ್ನಮ್ಮ ಟ್ರೈಲರಿನ ಸಮೇತ ಅಷ್ಟು ದೂರ ಹಿಂದು ಹಿಂದಕ್ಕೇ ತೆಗೆದುಕೊಂಡು ಬಂದು, ಅಗಲವಾದ ಜಾಗದಲ್ಲಿ ತಿರುಗಿಸಿದಳು. ಊರಿನ ಸ್ಕೂಲಿನ ಹಜಾರದಲ್ಲಿ ಗೂಡು ಹರಡಿ ಗಾಳಿಯಾಡಿಸಿದರು. ಮಾರನೇ ದಿನ ಸುತ್ತು ದಾರಿಯಲ್ಲಿ ಮಾರ್ಕೆಟ್ಟಿಗೆ ಒಯ್ದಾಗ ಬೆಲೆ ಸ್ವಲ್ಪ ಕಮ್ಮಿಯಾಗಿತ್ತು, ಆದರೆ ಎಲ್ಲ ಮಾರಿಹೋಯಿತು. ಭಾರತಮ್ಮ ತನ್ನ ಪಾಲಿನದು ತೆಗೆದುಕೊಂಡು, "ಗಂಗಕ್ಕ, ನೀನು ಕೋಡಿಗೆ ಇಳಿದಿದ್ರೆ ನಮ್ಮ ಗೂಡು ಯಾಕೆ, ನಮ್ಮ ಮಾವಂದಿರೇ ಉಳೀತಿರ್ಲಿಲ್ಲ" ಎಂದಳು. ವೆಂಕಟರಾಯಪ್ಪ ಅವಳ ದೊಡ್ಡಮಾವ.

ಆ ಎರಡು ದಿನ ಕೋದಂಡರಾಮಪ್ಪ ಸೊಸೆಯ ಜೊತೆ ಮಾತಾಡಲಿಲ್ಲ. ಮಾರ್ಕೆಟ್ಟಿಗೂ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವಳು ಜೀಪಿನ ಗಾಜು ಒರೆಸುತ್ತಿದ್ದಾಗ ತಾನಾಗಿ ಬಂದು ನಿಂತ.

"ಮಾವ, ನಾನು ಹಾಗೆ ಅನ್ನಬಾರ್ದಿತ್ತು. ಅದೂ ವೆಂಕಟರಾಯಪ್ಪನವರ ಮುಂದೆ" ಎಂದಳು.

"ಅನ್ನಬೇಕಾಗಿತ್ತು. ನೀನು ಅನ್ನದೆ ಹೋಗಿದ್ರೆ ಇವತ್ತು ಯಾರು ಯಾರಿಗೆ ಏನು ಹೇಳ್ತಿದ್ವೋ." ಅವನು ಜೀಪಿನ ಬಾನೆಟ್ಟನ್ನು ಅಂಗೈಯಿಂದ ಸವರಿದ. "ನನಗೆ ಕೋಪ ಬಂದಿದ್ದು ನಿನ್ನ ಮೇಲಲ್ಲಮ್ಮ. ನನ್ನ ಕಿವಿ ಮೇಲೆ ನನಗೆ ಭಾಳ ನಂಬಿಕೆ ಇತ್ತು. ಇನ್ಮೇಲೆ ಹೋಗು, ನಿಲ್ಲು ಅಂತ ನಾನು ಹೇಳಲ್ಲ. ಗಾಡಿ ನಿಂದು. ಕರ್ಕೊಂಡು ಹೋದ್ರೆ ಪಕ್ಕದಲ್ಲಿ ಬರ್ತೀನಿ."

"ನೀವಿಲ್ದೆ ನಾನು ಹೋಗಲ್ಲ" ಎಂದಳು ಗಂಗರತ್ನಮ್ಮ.

ಎಂಬತ್ತರ ದಶಕದಲ್ಲಿ ಅವಳು ಹೋಗದ ದಾರಿ ಸುತ್ತಿನಲ್ಲಿ ಉಳಿಯಲಿಲ್ಲ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಪುಗಳಿಂದ ಮಂಡಿಗೆ ಹಣ್ಣು, ಮನೆ ಕಟ್ಟುವವರಿಗೆ ಮಾಲೂರಿನಿಂದ ಹೆಂಚು, ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಕ್ಕಳು, ಅವರ ತೊಟ್ಟಿಲು, ಎಲ್ಲವನ್ನೂ ಒಯ್ದಳು. ತವರಿಗೆ ಹಣ್ಣು ತುಂಬಲು ಹೋದಾಗ ಅವಳ ತಾಯಿ ಮುನಿಗಂಗಮ್ಮ, "ನಮ್ಮ ಮನೇಲಿ ನಾವು ಕೊಡದಿದ್ದನ್ನ ನಿಮ್ಮ ಮಾವ ಕೊಟ್ರು" ಎಂದು ಬೀಗರಿಗಾಗಿ ಒಂದು ಬುಟ್ಟಿ ಮಲ್ಲಿಕಾ ಹಣ್ಣನ್ನು ಬೇರೆಯೇ ತೆಗೆದಿಡುತ್ತಿದ್ದಳು. ಸೊಣ್ಣಪ್ಪನ ಹುಳುಮನೆ ದೊಡ್ಡದಾಯಿತು, ಅವನು ತಿರುವಿದ ಮುದ್ದೆಗೆ ಮಕ್ಕಳು ಒಗ್ಗಿಹೋದರು. ಕೋದಂಡರಾಮಪ್ಪನ ಕಣ್ಣು ವರ್ಷ ವರ್ಷಕ್ಕೆ ಇನ್ನಷ್ಟು ಇಳಿಯಿತು. ಕೊನೆಗೆ ಬೆಳಕು ಯಾವ ಕಡೆ ಇದೆ ಎಂಬಷ್ಟೇ ಗೊತ್ತಾಗುತ್ತಿತ್ತು. ಆದರೂ ದಿನಾ ಬೆಳಿಗ್ಗೆ ಸ್ನಾನಮಾಡಿ, ಒಗೆದ ಪಂಚೆ ಉಟ್ಟು, ಜೀಪಿನ ಎಡಗಡೆ ಸೀಟಿನಲ್ಲಿ ಬಂದು ಕೂರುತ್ತಿದ್ದ.

ಎಂಬತ್ತೈದರ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಅವಳೇ ಕೇಳಿದಳು: "ಮಾವ, ನಂಗಲಿಗೆ ಹೋಗಿ ಬರೋಣ್ವಾ?"

"ಏನು ಸಾಮಾನು?"

"ಸಾಮಾನಿಲ್ಲ. ಸುಮ್ನೆ ನೀವೂ ನಾನೂ."

ಅವನು ಒಳಗೆ ಹೋಗಿ ಹೆಂಡತಿಯ ಹತ್ತಿರ ಹೊಸ ಟವೆಲು ಕೇಳಿ ಹೆಗಲ ಮೇಲೆ ಹಾಕಿಕೊಂಡು ಬಂದ.

ಮುಳಬಾಗಿಲು ದಾಟಿ ಹೆದ್ದಾರಿಯಲ್ಲಿ ಹೋಗುವಾಗ ಲಾರಿಗಳು ಭರ್ರನೆ ಪಕ್ಕದಲ್ಲಿ ಹಾಯುತ್ತಿದ್ದವು. ಗಂಗರತ್ನಮ್ಮ ಎಡಕ್ಕೆ ಬಲಕ್ಕೆ ಕಂಡದ್ದನ್ನೆಲ್ಲ ಹೇಳುತ್ತಾ ಹೋದಳು. ಬೆಟ್ಟದ ಬಂಡೆ, ಹೊಸದಾಗಿ ಆಗಿರುವ ಪೆಟ್ರೋಲು ಬಂಕು, ರಾಗಿ ಕಣ ಮಾಡುತ್ತಿರುವ ಜನ. ನಂಗಲಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದ ಟೀ ಹೋಟೆಲಿನ ಮುಂದೆ ನಿಲ್ಲಿಸಿದಳು. ಒಳಗಿಂದ ಮುದುಕನೊಬ್ಬ ಈಚೆ ಬಂದು ಹುಬ್ಬಿನ ಮೇಲೆ ಕೈಯಿಟ್ಟು ನೋಡಿದ.

"ಏಂ ಅನ್ನಾ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿದ.

"ಮುನಿಶಾಮಿ" ಎಂದ ಕೋದಂಡರಾಮಪ್ಪ, ದನಿ ಹಿಡಿದು. ಇಬ್ಬರೂ ಒಂದೇ ಲಾರಿಯಲ್ಲಿ ಬಹಳ ವರ್ಷ ದುಡಿದವರು. ಮುನಿಶಾಮಿ ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದ. ಕಣ್ಣು ಹೋಗಿರುವುದು ಅವನಿಗೆ ತಕ್ಷಣ ತಿಳಿಯಿತು. ಜೀಪನ್ನು ನೋಡಿ, "ಡ್ರೈವರ್ ಯಾರನ್ನ ಇಟ್ಟಿದೀಯ?" ಎಂದು ಕನ್ನಡಕ್ಕೆ ತಿರುಗಿ ಕೇಳಿದ.

"ಇಟ್ಟಿಲ್ಲ. ನನ್ನ ಸೊಸೆ ಓಡಿಸ್ಕೊಂಡು ಬಂದ್ಲು."

ಟೀ ಕುಡಿಯುತ್ತಿದ್ದ ಡ್ರೈವರುಗಳು ತಿರುಗಿ ನೋಡಿದರು. ಗಂಗರತ್ನಮ್ಮ ಲೋಟ ಹಿಡಿದು ಮುಖ ತಗ್ಗಿಸಿದಳು.

"ನೀನೇ ಕಲಿಸಿದ್ಯಾ?" ಎಂದ ಮುನಿಶಾಮಿ.

"ನಾನು ಕ್ಲಚ್ಚು ಗೇರು ಕಲಿಸ್ದೆ" ಎಂದ ಕೋದಂಡರಾಮಪ್ಪ. "ಅವಳು ನನಗೆ ಏಳೆಂಟು ವರ್ಷ ರಸ್ತೆ ತೋರಿಸಿದಾಳೆ. ಕಣ್ಣು ಹೋದ ಡ್ರೈವರು ಮನೆ ಮೂಲೇಲಿ ಕೂತಿರ್ಬೇಕಾಗಿತ್ತು ಕಣೋ. ನಾನು ಒಂದು ದಿನಾನೂ ಕೂತಿಲ್ಲ."

ಮಾವ ತನ್ನೆದುರಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಗಂಗರತ್ನಮ್ಮ ಲೋಟ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು.

ಬಿಸಿಲು ಇಳಿಯುವ ಮುಂಚೆ ವಾಪಸು ಹೊರಟರು. ಮುಳಬಾಗಿಲು ಬರುವ ಹೊತ್ತಿಗೆ ಮಾವ ಮಾತು ನಿಲ್ಲಿಸಿದ್ದ. ಅವಳು ತಿರುಗಿ ನೋಡಿದಳು. ಟವೆಲನ್ನು ಕಿವಿಗೆ ಸುತ್ತಿಕೊಂಡು, ತಲೆ ಒಂದು ಕಡೆಗೆ ವಾಲಿಸಿ ನಿದ್ದೆ ಹೋಗಿದ್ದ. ಬೇರೆಯವರು ಓಡಿಸುವ ಗಾಡಿಯಲ್ಲಿ ಅವನು ಕ್ಲೀನರಾಗಿದ್ದ ಕಾಲದಿಂದ ಕಣ್ಣು ಮುಚ್ಚಿ ಮಲಗಿದವನಲ್ಲ. ಬಸ್ಸಿನಲ್ಲೂ ಡ್ರೈವರಿನ ಹಿಂದೆ ನೆಟ್ಟಗೆ ಕೂತಿರುತ್ತಾನೆಂದು ಮುನಿಯಲ್ಲಮ್ಮ ಹೇಳುತ್ತಿದ್ದಳು. ಗಂಗರತ್ನಮ್ಮ ವೇಗ ಇಳಿಸಿದಳು. ಹಳ್ಳ ದಿಣ್ಣೆ ತಪ್ಪಿಸುತ್ತಾ, ಹಾರ್ನು ಒತ್ತದೆ, ಹಿಂದೆ ಬಂದವರಿಗೆಲ್ಲ ಕೈ ತೋರಿಸಿ ದಾರಿ ಬಿಡುತ್ತಾ ಹುತ್ತೂರಿಗೆ ಬಂದಳು.

ಮನೆಯ ಮುಂದೆ ಇಂಜಿನ್ನು ನಿಲ್ಲಿಸಿದರೂ ಅವನು ಏಳಲಿಲ್ಲ. ಮುನಿಯಲ್ಲಮ್ಮ ಈಚೆ ಬಂದು ಎಬ್ಬಿಸಲು ಹೋದಳು. ಗಂಗರತ್ನಮ್ಮ ಬೇಡವೆಂದು ಕೈಯಾಡಿಸಿದಳು. ಅತ್ತೆ ಸೊಸೆ ಇಬ್ಬರೂ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸತೊಡಗಿದರು. ಮೊರ ಅರ್ಧ ತುಂಬಿದ ಮೇಲೆ ಜೀಪಿನಿಂದ ದನಿ ಬಂತು.

"ಅಮ್ಮಾಯಿ, ಊರು ಬಂತಾ?"

"ಆಗ್ಲೇ ಬಂತು ಮಾವ" ಎಂದಳು ಗಂಗರತ್ನಮ್ಮ. "ನೀವು ಇನ್ನೂ ಸ್ವಲ್ಪ ಹೊತ್ತು ಮಲಗಿ."